ಗೂಡು ತಿಟ್ಟಿನಲ್ಲಿ, ಊಟ ಗದ್ದೆಯಲ್ಲಿ

ಕನ್ನಂಬಾಡಿಯಿಂದ ಇಳಿದು ಬಂದ ಕಾವೇರಿ ಶ್ರೀರಂಗಪಟ್ಟಣ ಮುಟ್ಟುವ ಮುನ್ನ ಒಂದು ಕಡೆ ಅಗಲವಾಗಿ ಹರಡಿಕೊಳ್ಳುತ್ತದೆ. ಬಂಡೆಗಳ ನಡುವೆ ಸೀಳಾಗಿ ಹರಿದು, ಮತ್ತೆ ಕೂಡಿ, ನಡುನಡುವೆ ಮರ ತುಂಬಿದ ಪುಟ್ಟ ತಿಟ್ಟುಗಳನ್ನು ಬಿಟ್ಟುಕೊಂಡು ಮುಂದೆ ಸಾಗುತ್ತದೆ. ಅದೇ ರಂಗನತಿಟ್ಟು. ಈ ತಿಟ್ಟುಗಳು ಪೂರ್ತಿಯಾಗಿ ಹೊಳೆಯೇ ಮಾಡಿಕೊಂಡವಲ್ಲ. ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ನಾಲೆಗೆ ನೀರು ತಿರುಗಿಸಲು ಹೊಳೆಗೆ ಅಡ್ಡಗಟ್ಟೆ ಕಟ್ಟಿದರು. ನೀರು ಹಿಂದಕ್ಕೆ ನಿಂತಿತು. ತಗ್ಗು ಮುಳುಗಿತು, ಎತ್ತರದ ನೆಲವೆಲ್ಲ ದ್ವೀಪವಾಯಿತು. ಭತ್ತಕ್ಕೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೂ ನೆಲೆ ಮಾಡಿಕೊಟ್ಟಿತು.

ನನಗೆ ಈ ಸಂಗತಿ ರಂಗನತಿಟ್ಟಿನ ಎಲ್ಲ ಚಿತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಪಕ್ಷಿಧಾಮ ಎಂದರೆ ಮನುಷ್ಯ ಕೈಯಿಡದ ಜಾಗ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಇಲ್ಲಿ ಹಾಗಿಲ್ಲ. ಇಲ್ಲಿಯ ಹಕ್ಕಿ, ಹೊಳೆ, ಕಟ್ಟೆ, ನಾಲೆ, ಗದ್ದೆ, ರೈತ ಇವೆಲ್ಲ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದೇ ನೀರನ್ನು ಹಂಚಿಕೊಂಡು ಬದುಕುತ್ತಿವೆ. ಅದನ್ನು ಕಾಣಬೇಕಾದರೆ ದೋಣಿಯಲ್ಲಿ ಒಂದು ಸುತ್ತು ಹೊಡೆದರೆ ಸಾಲದು, ದಿನವಿಡೀ ಬೇಕು. ಮನೆಯ ಹಿರಿಯರೂ ಮಕ್ಕಳೂ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಗದ್ದೆಯ ಭಾಗದ ಪಾಠ ಹೇಳಬಲ್ಲವರು ಹಿರಿಯರೇ.

ರಂಗನತಿಟ್ಟಿಗೆ ಕಾನೂನಿನ ರಕ್ಷಣೆ ಸಿಕ್ಕಿದ್ದು 1940ರಲ್ಲಿ. ಪಕ್ಷಿತಜ್ಞ ಸಲೀಂ ಅಲಿ ಆ ಹೊತ್ತಿಗೆ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸುತ್ತಿದ್ದರು. ಈ ತಿಟ್ಟುಗಳ ಮೇಲೆ ಒತ್ತೊತ್ತಾಗಿ ಗೂಡು ಕಟ್ಟಿದ ನೀರುಹಕ್ಕಿಗಳನ್ನು ಕಂಡು, ಇದನ್ನು ಕಾಪಾಡಬೇಕೆಂದು ಅರಸರ ಮನವೊಲಿಸಿದರು. 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗುನೆಲೆಗಳ ಪಟ್ಟಿಗೆ ಸೇರಿತು. ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಆ ಪಟ್ಟಿಗೆ ಸೇರಿದ್ದು 2024ರಲ್ಲಿ.

ನಾವು ಹೋದದ್ದು ಮಾರ್ಚ್ ಆರಂಭದಲ್ಲಿ. ಬಿಸಿಲು ಏರಿರಲಿಲ್ಲ, ಹೊಳೆ ಇಳಿದಿತ್ತು, ಬಂಡೆಗಳು ಮೈ ತೋರಿಸಿದ್ದವು. ನನ್ನ ಮತ್ತು ನನ್ನ ಹೆಂಡತಿಯ ಜೊತೆ ಹೈಸ್ಕೂಲಿನಲ್ಲಿ ಓದುವ ಮಗಳು, ಅವಳಿಗಿಂತ ಚಿಕ್ಕವನಾದ ಮಗ, ಮತ್ತು ಅಮ್ಮ ಇದ್ದರು. ಅಮ್ಮ ಮಂಡ್ಯ ಕಡೆಯ ಗದ್ದೆಬಯಲಿನಲ್ಲಿ ನಾಟಿ, ಕಳೆ, ಕುಯ್ಲು ಎಲ್ಲ ಮಾಡಿದವರು. ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದರಿಂದ ಜನ ಕಡಿಮೆ. ಹಕ್ಕಿ ನೋಡಲು ಹೋಗುವ ಕುಟುಂಬಗಳಿಗೆ ನಾನು ಮೊದಲು ಹೇಳುವ ಮಾತೂ ಅದೇ: ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆಯ ನಂತರ ದೋಣಿಯ ಸಾಲು ಬೆಳೆಯುತ್ತದೆ, ಗದ್ದಲ ಏರುತ್ತದೆ, ಬಿಸಿಲಿಗೆ ಹಕ್ಕಿಗಳೂ ಸುಮ್ಮನಾಗುತ್ತವೆ.

ಹಕ್ಕಿಗಳು ಈ ತಿಟ್ಟುಗಳನ್ನೇ ಏಕೆ ಆರಿಸಿಕೊಂಡವು? ಸುತ್ತ ನೀರು. ಕಾಡುಬೆಕ್ಕು, ಮುಂಗುಸಿ, ನಾಯಿ ಈಜಿ ಬಂದು ಮರ ಹತ್ತುವುದು ಸುಲಭವಲ್ಲ. ಅದರ ಮೇಲೆ ನೀರಿನಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಾ ಮಲಗಿರುವ ಮೊಸಳೆ, ಗೂಡಿನಿಂದ ಜಾರಿ ನೀರಿಗೆ ಬಿದ್ದ ಮರಿಯನ್ನು ಬಿಡುವುದಿಲ್ಲ. ಹಕ್ಕಿಗಳಿಗೆ ಇದು ನಷ್ಟವೇ. ಆದರೆ ಅದೇ ಮೊಸಳೆ ಇರುವ ನೀರನ್ನು ದಾಟಿ ಮರ ಹತ್ತಿ ಬರಬೇಕಾದ ವೈರಿಗಳಿಗೆ ದಾರಿ ಇನ್ನಷ್ಟು ಕಷ್ಟ. ತಿಟ್ಟುಗಳ ಮೇಲೆ ಹೊಳೆಮತ್ತಿ, ಹೊಂಗೆ, ಬಿದಿರು, ಕೇದಿಗೆಯ ಪೊದೆಗಳು. ದೊಡ್ಡ ಹಕ್ಕಿಗಳು ಮರದ ನೆತ್ತಿಯಲ್ಲಿ, ಬೆಳ್ಳಕ್ಕಿ ಮತ್ತು ನೀರುಕಾಗೆಗಳು ಅದಕ್ಕಿಂತ ಕೆಳಗೆ, ಇರುಳು ಬಕ ಎಲೆಗಳ ಮರೆಯಲ್ಲಿ. ಒಂದೇ ಮರದಲ್ಲಿ ಹಲವು ಜಾತಿಗಳು ಹೀಗೆ ಬಿಡಾರ ಹೂಡುತ್ತವೆ.

ದೋಣಿ ನಡೆಸುವವರು ಹುಟ್ಟನ್ನು ನೀರಿಗೆ ಸದ್ದಿಲ್ಲದೆ ಇಳಿಸುತ್ತಾರೆ. ಇಲ್ಲಿಯ ಹಕ್ಕಿಗಳಿಗೆ ಹುಟ್ಟು ಹಾಕುವ ದೋಣಿಯ ಅಭ್ಯಾಸ ಎಷ್ಟಿದೆ ಎಂದರೆ, ಕೆಲವೇ ಅಡಿ ದೂರದಲ್ಲಿ ಸಾಗಿದರೂ ಮೊಟ್ಟೆಯ ಮೇಲೆ ಕುಳಿತದ್ದು ಏಳುವುದಿಲ್ಲ. ಆದರೆ ದೋಣಿಯಲ್ಲಿ ಯಾರಾದರೂ ಥಟ್ಟನೆ ಎದ್ದು ನಿಂತರೆ, ಕೂಗಿದರೆ, ಅದು ಬೇರೆ ಮಾತು. ಬೆದರಿದ ತಾಯಿ ಗೂಡು ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಮೊಟ್ಟೆಯನ್ನು ಕಾಗೆ ಎತ್ತಬಹುದು, ಬರಿಮೈ ಮರಿಗೆ ಬಿಸಿಲು ತಗಲಬಹುದು. ಸೆಲ್ಫಿಗಾಗಿ ಎದ್ದು ನಿಲ್ಲುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಮಗ ನೋಟ್‌ಬುಕ್ಕಿನಲ್ಲಿ ಹೆಸರುಗಳ ಪಟ್ಟಿ ಬರೆಯತೊಡಗಿದ್ದ. ಪಟ್ಟಿ ಬೇಡವೆನ್ನಲಿಲ್ಲ, ಆದರೆ ಇನ್ನೊಂದು ಮಾತೂ ಹೇಳಿದೆ. ಒಬ್ಬೊಬ್ಬರು ಒಂದೊಂದು ಹಕ್ಕಿ ಆರಿಸಿಕೊಳ್ಳಿ, ಅದು ಹೇಗೆ ಊಟ ಸಂಪಾದಿಸುತ್ತದೆ ಎಂದು ಕಂಡುಹಿಡಿಯಿರಿ. ಹೊಳೆಯ ಬದುಕು ಅರ್ಥವಾಗಲು ಕೊಕ್ಕಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಯಾವ ಕೊಕ್ಕು ಎಷ್ಟು ಆಳದ ನೀರಿಗೆ, ಯಾವ ಆಹಾರಕ್ಕೆ ಎಂದು ತಿಳಿದರೆ, ಇಷ್ಟೊಂದು ಜಾತಿಗಳು ಒಂದೇ ಹೊಳೆಯಲ್ಲಿ ಜಗಳವಿಲ್ಲದೆ ಹೇಗೆ ಹೊಟ್ಟೆ ಹೊರೆಯುತ್ತವೆ ಎಂಬುದು ಬಿಚ್ಚಿಕೊಳ್ಳುತ್ತದೆ.

ಮಗ ಆರಿಸಿದ್ದು ಹಾವಕ್ಕಿ. ಹೊಳೆಯ ಆಳದ ಭಾಗದಲ್ಲಿ ಮೈಯೆಲ್ಲ ಮುಳುಗಿಸಿ, ಕತ್ತು ಮಾತ್ರ ಮೇಲಿಟ್ಟು ಈಜುತ್ತಿತ್ತು. ಕಂಡವರು ಹಾವೆಂದೇ ಭ್ರಮಿಸಬೇಕು. ಬಾತುಕೋಳಿಯ ಗರಿ ನೀರನ್ನು ಒಳಗೆ ಬಿಡದೆ ಮೈಯನ್ನು ತೇಲಿಸುತ್ತದೆ, ಹಾವಕ್ಕಿಯ ಗರಿ ನೆನೆಯುತ್ತದೆ. ನೆನೆದರೆ ತೇಲುವಿಕೆ ಕಡಿಮೆ, ಮುಳುಗುವುದು ಸಲೀಸು. ಕತ್ತಿನ ಎಂಟನೆಯ ಮತ್ತು ಒಂಬತ್ತನೆಯ ಮೂಳೆಗಳ ನಡುವೆ ಒಂದು ವಿಶೇಷ ಮಡಿಕೆಯಿದೆ. ಅದರಿಂದಾಗಿ ಮಡಿಸಿದ ಕತ್ತು ಥಟ್ಟನೆ ಮುಂದಕ್ಕೆ ಚಿಮ್ಮುತ್ತದೆ, ಮೊನಚು ಕೊಕ್ಕು ಮೀನಿಗೆ ನಾಟುತ್ತದೆ. ಆಮೇಲೆ ಮೇಲೆ ಬಂದು, ಮೀನನ್ನು ಗಾಳಿಗೆ ಎಸೆದು, ತಲೆ ಮುಂದಾಗಿ ಹಿಡಿದು ನುಂಗುತ್ತದೆ. ಮಗ ಇದನ್ನು ಪೂರ್ತಿ ನೋಡಿದ. ನಂತರ ಬಂಡೆಯ ಮೇಲೆ ರೆಕ್ಕೆ ಹರಡಿಕೊಂಡು ನಿಂತ ಅದೇ ಹಕ್ಕಿಯನ್ನು ಕಂಡು, ಒಣಗಿಸಿಕೊಳ್ಳುತ್ತಿದೆ ಎಂದು ಅವನೇ ವಿವರಿಸಿದ. ಪಕ್ಕದಲ್ಲೇ ನೀರುಕಾಗೆಗಳೂ ಹಾಗೇ ನಿಂತಿದ್ದವು. ಅವು ಮೀನನ್ನು ಚುಚ್ಚುವುದಿಲ್ಲ, ಅಟ್ಟಿಸಿಕೊಂಡು ಹೋಗಿ ಕೊಕ್ಕಿನ ತುದಿಯ ಕೊಂಡಿಯಲ್ಲಿ ಹಿಡಿಯುತ್ತವೆ.

ಹೆಂಡತಿ ನೋಡುತ್ತಿದ್ದುದು ಬಣ್ಣದ ಕೊಕ್ಕರೆಯನ್ನು. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಬಳಿ ಗುಲಾಬಿ ಗರಿ. ಈ ಹಕ್ಕಿ ಕಣ್ಣಿಗಿಂತ ಹೆಚ್ಚಾಗಿ ಸ್ಪರ್ಶವನ್ನು ನಂಬಿ ಬೇಟೆಯಾಡುತ್ತದೆ. ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಅದ್ದಿ, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಓಡುವ ಮೀನು ಕೊಕ್ಕಿಗೆ ತಾಗಿದ ಕೂಡಲೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಇದರ ಹತ್ತಿರದ ಬಂಧುವಾದ ಅಮೆರಿಕದ ಕೊಕ್ಕರೆಯೊಂದರ ಮೇಲೆ ಅಳೆದು ನೋಡಿದಾಗ, ಮೀನು ತಾಗಿ ಕೊಕ್ಕು ಮುಚ್ಚಲು ಹಿಡಿದ ಸಮಯ ಸುಮಾರು 25 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ನಲವತ್ತರಲ್ಲಿ ಒಂದು ಭಾಗ. ನೀರು ಕದಡಿದ್ದರೂ ಈ ಕೊಕ್ಕಿಗೆ ಅಡ್ಡಿಯಿಲ್ಲ. ಆದರೆ ನೀರು ಆಳವಾಗಿರಬಾರದು, ಮೀನು ಒತ್ತಾಗಿರಬೇಕು. ಬೇಸಿಗೆಯಲ್ಲಿ ಕೆರೆ, ಹೊಳೆಗಳ ನೀರು ಇಳಿದಾಗ ಮೀನುಗಳು ಸಣ್ಣ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ವರ್ಷದ ಆರಂಭದಲ್ಲಿ ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟಿ, ನೀರು ಇಳಿಯುವ ತಿಂಗಳುಗಳಲ್ಲಿ ಮರಿಗಳನ್ನು ಬೆಳೆಸುವುದರ ಹಿಂದೆ ಈ ಲೆಕ್ಕವಿದೆ.

ಬಿಸಿಲು ಏರಿದಂತೆ ಗೂಡಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಒಂದು ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ ರೆಕ್ಕೆಗಳನ್ನು ಅಗಲಿಸಿ ನಿಂತಿತ್ತು, ಮರಿಗಳು ಆ ನೆರಳಿನಲ್ಲಿ ಮುದುಡಿದ್ದವು. ಸ್ವಲ್ಪ ಹೊತ್ತಿಗೆ ಜೋಡಿಹಕ್ಕಿ ಬಂದು ಗಂಟಲಿನಲ್ಲಿ ತಂದ ನೀರನ್ನು ಮರಿಗಳ ಮೇಲೆ ಸುರಿಯಿತು. ದೊಡ್ಡ ಕೊಕ್ಕರೆಗಳಿಗೆ ಕೂಗುವ ಗಂಟಲಿಲ್ಲವೆಂದೇ ಹೇಳಬೇಕು, ಕೊಕ್ಕು ಬಡಿದು ಟಕಟಕ ಎನ್ನುತ್ತವೆ ಅಷ್ಟೆ. ತಿಟ್ಟಿನಿಂದ ಕೇಳಿಬರುವ ಗಲಾಟೆಯಲ್ಲಿ ಬಹುಪಾಲು ಹಸಿದ ಮರಿಗಳದು.

ಚಮಚದ ಕೊಕ್ಕಿನ ಹಕ್ಕಿ ಆಳ ಕಡಿಮೆಯಿರುವ ನೀರಿನಲ್ಲಿ ಕೊಕ್ಕನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹುಳು, ಸಿಗಡಿ, ಮರಿಮೀನುಗಳನ್ನು ಹಿಡಿಯುತ್ತಾ ಹೋಗುತ್ತದೆ. ಕರಿತಲೆಯ ಕೆಂಬರಲಿನ ಬಾಗಿದ ಕೊಕ್ಕು ಕೆಸರಿನೊಳಗೆ ಇಳಿಯುತ್ತದೆ. ಹೆಜ್ಜಾರ್ಲೆ ಕೆಳಕೊಕ್ಕಿನ ಚೀಲದಲ್ಲಿ ನೀರು ಸಮೇತ ಮೀನು ಮೊಗೆದು, ನೀರು ಚೆಲ್ಲಿ ನುಂಗುತ್ತದೆ. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ಕೆಳಗೆ ಧುಮುಕುತ್ತದೆ. ಇವೆಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂಬ ಹಟ ಬೇಡ.

ಮಗಳು ಆರಿಸಿಕೊಂಡದ್ದು ಬಾಯ್ಕಳಕ ಕೊಕ್ಕರೆ. ಅದರ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಅದಕ್ಕೇ ಆ ಹೆಸರು. ನೋಡಿದವರಿಗೆ ಅಡಕತ್ತರಿ ನೆನಪಾಗುತ್ತದೆ. ಆ ಸಂದಿನಲ್ಲಿ ಬಸವನಹುಳುವಿನ ಚಿಪ್ಪನ್ನಿಟ್ಟು ಒಡೆಯುತ್ತದೆ ಎಂದು ಬಹುಕಾಲ ಜನ ತಿಳಿದಿದ್ದರು. ಹತ್ತಿರದಿಂದ ಗಮನಿಸಿದವರಿಗೆ ಕಂಡದ್ದು ಬೇರೆ. ಹಕ್ಕಿ ಚಿಪ್ಪನ್ನು ಒಡೆಯುವುದಿಲ್ಲ. ಮೇಲಿನ ಕೊಕ್ಕಿನಿಂದ ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು, ಕೆಳಕೊಕ್ಕಿನ ಕತ್ತಿಯಂಥ ತುದಿಯನ್ನು ಬಾಯಿಯ ಮುಚ್ಚಳದಡಿ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ, ಮಾಂಸವನ್ನು ಇಡಿಯಾಗಿ ಎಳೆದುಕೊಳ್ಳುತ್ತದೆ. ಮರಿಗಳ ಕೊಕ್ಕಿನಲ್ಲಿ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಗೂಡಿನಲ್ಲಿ ತಾಯಿಯ ಪಕ್ಕ ನೆಟ್ಟಗಿನ ಕೊಕ್ಕಿನ ಮರಿಯನ್ನು ದುರ್ಬೀನಿನಲ್ಲಿ ಕಂಡಾಗ ಮಗಳು ಅದು ಬೇರೆ ಹಕ್ಕಿಯ ಮರಿಯೇ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರವೂ ಆ ಗೂಡಿನಲ್ಲೇ ಇತ್ತು, ಏಕೆಂದರೆ ಮರಿಗೆ ಉಣಿಸುತ್ತಿದ್ದುದು ಬಾಯ್ಕಳಕವೇ.

ಆದರೆ ಅವಳಿಗೆ ಅದು ಹುಳು ಹಿಡಿಯುವುದು ಕಾಣಲಿಲ್ಲ. ಗೂಡಿಗೆ ಬರುತ್ತಿತ್ತು, ಉಣಿಸುತ್ತಿತ್ತು, ಹಾರಿಹೋಗುತ್ತಿತ್ತು. ಹೊಳೆಯಲ್ಲಿ ಇಳಿಯುತ್ತಲೇ ಇರಲಿಲ್ಲ. ಎಲ್ಲಿಗೆ ಹೋಗುತ್ತದೆ?

ಆ ತನಕ ಮಾತಾಡದೆ ಕುಳಿತಿದ್ದ ಅಮ್ಮ ಹೇಳಿದರು: "ಗದ್ದೆಗೆ ಕಣವ್ವ. ಇನ್ನೆಲ್ಲಿಗ್ ಹೋದಾವು? ನಾಟಿಗೆ ಮುಂಚೆ ಕೆಸರು ಮಾಡೋವಾಗ ನಮ್ ಹಿಂದೆ ಹಿಂದೆನೇ ಬರೋವು. ಗದ್ದೆಲಿ ಬಸವನಹುಳ ಎಷ್ಟಿರೋವು ಅಂತೀಯ!"

"ನೀನು ಓಡಿಸ್ತಿರ್ಲಿಲ್ವ ಅಜ್ಜಿ?"

"ಯಾಕ್ ಓಡಿಸ್ಬೇಕು? ಆ ಹುಳ ಎಳೆ ಪೈರು ತಿನ್ನೋದು. ಇವು ಬಂದ್ರೆ ನಮ್ಗೇ ಒಳ್ಳೇದು."

ಇದನ್ನು ಕೇಳಿದ ಮೇಲೆ ದೋಣಿಯಿಂದಿಳಿದು ಸೀದಾ ಮೈಸೂರಿಗೆ ಹೊರಡುವ ಮಾತೇ ಇರಲಿಲ್ಲ. ಪಕ್ಕದ ನಾಲೆ ಏರಿಯ ಮೇಲೆ ಹೋಗಿ ಕುಳಿತೆವು. ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ಹೀಗೆ ಶ್ರೀರಂಗಪಟ್ಟಣದ ಸುತ್ತ ಅರಸರ ಕಾಲದ ಹಳೆಯ ನಾಲೆಗಳ ದೊಡ್ಡ ಜಾಲವೇ ಇದೆ. ಇವುಗಳ ಕೆಳಗಿನ ಭತ್ತದ ಗದ್ದೆಗಳೇ ತಿಟ್ಟಿನ ಹಲವು ಹಕ್ಕಿಗಳ ಊಟದ ಜಾಗ. ಬಟ್ಟೆ ಹಾಸಿ, ತಂದಿದ್ದ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ ಉಂಡೆವು. ಎದುರಿಗೆ ನೀರು ನಿಂತ ಗದ್ದೆಯಲ್ಲಿ ಬಾಯ್ಕಳಕಗಳು ಸಾಲಾಗಿ ನಡೆಯುತ್ತಿದ್ದವು. ಮಗಳು ಕಾಯುತ್ತಿದ್ದುದು ಅಲ್ಲಿ ಕಂಡಿತು. ತಲೆ ಮುಳುಗಿತು, ಕತ್ತು ಅಲುಗಾಡಿತು, ಮೇಲೆದ್ದಾಗ ಕೊಕ್ಕಿನಲ್ಲಿ ಮಾಂಸ, ಕೆಸರಿನಲ್ಲಿ ಖಾಲಿ ಚಿಪ್ಪು. ಬದುವಿನ ಮೇಲೆ ಅಂಥ ಚಿಪ್ಪುಗಳು ಹಲವು ಬಿದ್ದಿದ್ದವು. ಮಗ ಕೆಲವನ್ನು ಎತ್ತಿ ನೋಡಿದ, ಯಾವುದೂ ಒಡೆದಿರಲಿಲ್ಲ.

ಹೀಗೆ ಕಟ್ಟೆ ನೀರು ನಿಲ್ಲಿಸಿತು, ನೀರು ತಿಟ್ಟು ಮಾಡಿತು, ನಾಲೆ ಗದ್ದೆ ಮಾಡಿತು, ಗದ್ದೆ ಹುಳು ಬೆಳೆಸಿತು, ಹುಳು ಹಕ್ಕಿಯನ್ನು ಸಾಕಿತು. ಪಕ್ಷಿಧಾಮದ ಬೇಲಿಯೊಳಗೆ ಎಷ್ಟೇ ಕಟ್ಟೆಚ್ಚರ ಇಟ್ಟರೂ, ಹೊರಗಿನ ಗದ್ದೆಯಲ್ಲಿ ಹುಳುವಿಗೆ ವಿಷ ಬಿದ್ದರೆ ತಿಟ್ಟಿನ ಗೂಡಿಗೆ ಊಟ ಹೋಗುವುದಿಲ್ಲ. ಗದ್ದೆಗಳು ಲೇಔಟುಗಳಾದರೂ ಅಷ್ಟೇ. ಮೈಸೂರಿನಿಂದ ಶ್ರೀರಂಗಪಟ್ಟಣದವರೆಗಿನ ಹೆದ್ದಾರಿಯ ಬದಿಯ ಬದಲಾವಣೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ರಂಗನತಿಟ್ಟನ್ನು ಉಳಿಸುವ ಮಾತಾಡುವಾಗ ಸುತ್ತಲಿನ ಭತ್ತದ ಗದ್ದೆಯನ್ನೂ ಅದರ ಭಾಗವೆಂದೇ ಎಣಿಸಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಇನ್ನೊಂದು ಭಯ ಮೇಲಿನಿಂದ ಬರುತ್ತದೆ. ಹಳೆಯ ಕಟ್ಟೆ ನೀರನ್ನು ಒಂದು ಮಟ್ಟದಲ್ಲಿ ನಿಲ್ಲಿಸಿತು. ಅದರ ಮೇಲಕ್ಕಿರುವ ಕನ್ನಂಬಾಡಿ ಅಣೆಕಟ್ಟೆ ಆ ಮಟ್ಟವನ್ನು ಏರಿಸಬಲ್ಲದು, ಇಳಿಸಬಲ್ಲದು. ಕೊಡಗಿನಲ್ಲಿ ಮಳೆ ಜೋರಾಗಿ ಜಲಾಶಯ ತುಂಬಿದಾಗ ಹೊರಬಿಡುವ ನೀರು ಲಕ್ಷ ಕ್ಯೂಸೆಕ್ ದಾಟುವುದುಂಟು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಈ ಪುಟ್ಟ ತಿಟ್ಟುಗಳ ಮೇಲೆ ನುಗ್ಗುತ್ತದೆ. 2018 ಮತ್ತು 2019ರ ಮಳೆಗಾಲದಲ್ಲಿ ಹಾಗೇ ಆಯಿತು. ತಿಟ್ಟುಗಳು ಮುಳುಗಿದವು, ದೋಣಿ ವಿಹಾರ ನಿಂತಿತು, ದಡದ ಮಣ್ಣು ಕೊಚ್ಚಿಹೋಯಿತು. ಆ ನಂತರ ಕೊರೆದುಹೋದ ಅಂಚುಗಳಿಗೆ ಚೀಲಗಳನ್ನು ಪೇರಿಸಿ ಗಟ್ಟಿ ಮಾಡುವ ಕೆಲಸ ನಡೆಯಿತು. ಮರದ ನೆತ್ತಿಯ ಗೂಡುಗಳು ಇಂಥ ನೆರೆಯಲ್ಲೂ ಉಳಿದಾವು, ಕೆಳಗಿನ ಕೊಂಬೆಯವು ಉಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಷ್ಟ ನೆಲದಲ್ಲೇ ಮೊಟ್ಟೆಯಿಡುವ ರೀವಗಳದು. ಅಂದು ನಾನು ನನಗಾಗಿ ಆರಿಸಿಕೊಂಡ ಹಕ್ಕಿ ಅದು. ಹಳದಿ ಕೊಕ್ಕು, ಕರಿ ಟೋಪಿ, ಕವಲೊಡೆದ ಉದ್ದ ಬಾಲ, ನೀರಿನ ಮೇಲೆ ತೇಲಿದಂತೆ ಹಾರಾಟ. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆ, ಮರಳದಿಬ್ಬಗಳು ತೆರೆದುಕೊಂಡಾಗ ಬರಿ ನೆಲದಲ್ಲಿ ಸಣ್ಣ ಕುಳಿ ಮಾಡಿ ಮೊಟ್ಟೆಯಿಡುತ್ತದೆ. ಹುಲ್ಲಿಲ್ಲ, ಕಡ್ಡಿಯಿಲ್ಲ. ಬಂಡೆ ಕಾದು ಸುಡುವ ಹೊತ್ತಿಗೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪಾಗಿಡುತ್ತದೆ. ಆದರೆ ನಡುಬೇಸಿಗೆಯಲ್ಲಿ ಹೊಳೆಯ ಮಟ್ಟ ಒಂದಡಿ ಏರಿದರೂ ಆ ವರ್ಷದ ಸಂಸಾರ ಮುಗಿಯಿತು. ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿ ಈ ಹಕ್ಕಿ ಈಗ ಅಪಾಯಕ್ಕೆ ಸಿಲುಕಬಹುದಾದವುಗಳ ಸಾಲಿಗೆ ಸೇರಿದೆ. ಮರಳು ಎತ್ತುವುದು, ದಡದಲ್ಲಿ ನಾಯಿಗಳು ಹೆಚ್ಚುವುದು, ನೀರಿನ ಮಟ್ಟ ದಿಢೀರನೆ ಬದಲಾಗುವುದು, ಮೂರೂ ಒಟ್ಟಿಗೆ ಇದರ ಮೇಲೆ ಬಿದ್ದಿವೆ. ಕುಡಿಯುವ ನೀರು, ಬೆಳೆಯ ನೀರು ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆಗೆ ನೀರು ಬಿಡುವಾಗ ಒಮ್ಮೆಲೇ ಹರಿಸದೆ, ಗೂಡಿನ ಹಂಗಾಮನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಿಡಲು ಸಾಧ್ಯವಿರುವ ಕಡೆಯೆಲ್ಲ ಹಾಗೆ ಮಾಡಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹೊರಡುವವರಿಗೆ ಬೇಕಾದದ್ದು ಹೆಚ್ಚಿಲ್ಲ. ಮನೆಗೆ ಒಂದು ಸಾಧಾರಣ ದುರ್ಬೀನು ಸಾಕು, ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಮಕ್ಕಳ ಕೈಯಲ್ಲೂ ಅಲುಗಾಡದೆ ನಿಲ್ಲುತ್ತದೆ. ಮಾಸಲು ಬಣ್ಣದ ಬಟ್ಟೆ, ಟೋಪಿ, ನೀರು. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಮನೆಯಲ್ಲಿದ್ದರೆ ಹಿಂದಿನ ರಾತ್ರಿ ಮಕ್ಕಳ ಮುಂದೆ ತೆರೆದಿಡಿ. ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಕರೆಯುವುದು ಮಾತ್ರ ಬೇಡವೇ ಬೇಡ, ಮರಿ ಸಾಕುವ ಹಕ್ಕಿಗೆ ಅದು ಸುಮ್ಮನೆ ಹಿಂಸೆ. ಕಂಡದ್ದನ್ನು ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿದರೆ ಹಕ್ಕಿಗಳ ಸ್ಥಿತಿ ಅಧ್ಯಯನ ಮಾಡುವವರಿಗೆ ನಿಮ್ಮ ಭಾನುವಾರವೂ ಉಪಯೋಗಕ್ಕೆ ಬರುತ್ತದೆ. ಮಗ ತನ್ನ ಪಟ್ಟಿಯನ್ನು ಅಲ್ಲೇ, ನಾಲೆ ಏರಿಯ ಮೇಲೆ ಕುಳಿತು ದಾಖಲಿಸಿದ. ತಿಟ್ಟಿನದು ಒಂದು ಪಟ್ಟಿ, ಗದ್ದೆಯದು ಇನ್ನೊಂದು.

ಹೊಳೆ, ಊರು, ಹಕ್ಕಿ ಇನ್ನೂ ಹತ್ತಿರವಾಗಿರುವ ಜಾಗ ಮಂಡ್ಯ ಜಿಲ್ಲೆಯಲ್ಲೇ ಇದೆ. ಕಾವೇರಿಯ ಉಪನದಿ ಶಿಂಷೆಯ ಬಳಿಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆಗಳ ನಡುವಿನ ಹುಣಸೆ, ಆಲ, ಅತ್ತಿ ಮರಗಳ ಮೇಲೆ. ಊರಿನವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. ಗೂಡಿರುವ ಮರದ ಹುಣಸೆ ಬಡಿಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿಯೂ ಬೆಳೆದು ಬಂದಿದೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಜನವರಿಯಿಂದ ಏಪ್ರಿಲ್‌ವರೆಗೆ ಹೋದರೆ ಗೂಡುಗಳು ತುಂಬಿರುತ್ತವೆ. ಅಮ್ಮ ಆಗಲೇ ಹೇಳಿಟ್ಟಿದ್ದಾರೆ, ಹುಣಸೆ ಬಿಟ್ಟುಕೊಟ್ಟ ಆ ಮನೆಯವರನ್ನು ಒಮ್ಮೆ ಮಾತಾಡಿಸಬೇಕು ಎಂದು.